ಬೆಟ್ಟಕ್ಕೆ ಹೋದವನ ಅನ್ನ

ಮೊನ್ನೆ ಸನ್ನಿವೇಲಿನ ಗ್ರೋಸರಿಯಲ್ಲಿ ಯಾರೋ ಎಳ್ಳೆಣ್ಣೆಯ ಬಾಟಲಿ ಒಡೆದಿದ್ದರು. ಹುರಿದ ಎಳ್ಳಿನ ಆ ಘಮಕ್ಕೆ ಕಾರ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅಂಗಡಿ ತಾತ ನೆನಪಾದರು...

ಎಂಬತ್ತರ ದಶಕದಲ್ಲಿ, ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮೂಲೆಯಲ್ಲಿ ಸದಾ ಇದೇ ಘಮ ಬೀರುವ ಅವರದೊಂದು ಪುಟ್ಟ ಅಂಗಡಿ. ಕೊರಿಯಾದವರು. ಹಸಿಮೆಣಸಿನಕಾಯಿ, ಮೂಲಂಗಿ ಅಲ್ಲೇ ಸಿಗುತ್ತಿದ್ದುದರಿಂದ ನಾನು ದಿನಾ ಹಾಜರು. ಅವರ ಮುರುಕು ಇಂಗ್ಲಿಷಿಗೂ ನನ್ನ ಮೈಸೂರು ಇಂಗ್ಲಿಷಿಗೂ ಚೆನ್ನಾಗಿ ಹೊಂದುತ್ತಿತ್ತು. ಮಾತು ಎಲ್ಲಿಂದ ಶುರುವಾದರೂ ಅವರು ಬಂದು ನಿಲ್ಲುತ್ತಿದ್ದುದು ತಮ್ಮ ವಂಶದ ಹಿರಿಯ, ಕೊರಿಯಾದ ಹಳೇಕಾಲದ ಸಿಲ್ಲಾ ರಾಜ್ಯದ ಕೊನೆಯ ರಾಜನ ಹತ್ತಿರ.

ಹೆಚ್ಚುಕಡಿಮೆ ಸಾವಿರ ವರ್ಷ ಬಾಳಿದ ರಾಜ್ಯವಂತೆ. ಇವನಿಗೆ ಪಟ್ಟ ಕಟ್ಟಿದ್ದೇ ಶತ್ರುಗಳು, ಹಿಂದಿನ ರಾಜನ ಜೀವ ತೆಗೆದು. ಆಳಿದಷ್ಟು ಕಾಲವೂ ಒಂದೊಂದೇ ಊರು ಕೈತಪ್ಪುತ್ತಾ ಹೋಯಿತು. ಕೊನೆಗೆ, ಇನ್ನು ಜನ ಸಾಯುವುದು ಬೇಡವೆಂದು, ಯುದ್ಧವಿಲ್ಲದೆ ರಾಜ್ಯವನ್ನು ನೆರೆಯ ಇನ್ನೊಬ್ಬ ಅರಸನಿಗೆ ಒಪ್ಪಿಸಿಬಿಟ್ಟ. ಅದನ್ನು ಸಹಿಸದ ಮಗ ಅಳುತ್ತಾ ಬೆಟ್ಟ ಸೇರಿದ. ನಾರುಬಟ್ಟೆ ಉಟ್ಟು, ಗೆಡ್ಡೆಗೆಣಸು ತಿಂದು ಅಲ್ಲೇ ತೀರಿಕೊಂಡ.

"ಮಗ ಮಾಡಿದ್ದೇ ಸರಿ ಬಿಡಿ," ಅಂದೆ ಒಮ್ಮೆ. ನನಗಾಗ ಬಿಸಿರಕ್ತ.

ತಾತ ಬೇಸರ ಮಾಡಿಕೊಳ್ಳಲಿಲ್ಲ. "ಅಪ್ಪ ಆಮೇಲೂ ಬಹಳ ವರ್ಷ ಬದುಕಿದ್ದ ಕಣಮ್ಮಾ. ಮಗ ಗೆಡ್ಡೆ ತಿಂತಿದಾನೆ ಅಂತ ಗೊತ್ತಿದ್ದೂ ಹೇಗೆ ಊಟ ಮಾಡಿದ್ನೋ?"

ಆ ಸಂಕಟ ನನಗೆ ಅರ್ಥವಾದದ್ದು ಅವರ ಹೆಂಡತಿ, ಅಜ್ಜಿ, ಹೇಳಿದ ಮೇಲೆ. ಐವತ್ತರ ದಶಕದ ಕೊರಿಯಾ ಯುದ್ಧದ ಕಾಲದಲ್ಲಿ ತಾತ ತಮ್ಮ ಹಳ್ಳಿಯ ಮುಖಂಡರು. ಮನೆಮಠ ಸುಟ್ಟುಹೋಗಬಾರದೆಂದು, ಬಂದ ಸೈನ್ಯಕ್ಕೆ ಎದುರು ನಿಲ್ಲದೆ ದಾರಿ ಬಿಟ್ಟುಕೊಟ್ಟರು. ಊರು ಉಳಿಯಿತು. ಒಬ್ಬನೇ ಮಗ ಅಪ್ಪನನ್ನು ಹೇಡಿ ಎಂದು ಬೈದು ಬೆಟ್ಟದ ಕಡೆ ಹೋದವನು ಮತ್ತೆ ಬರಲಿಲ್ಲ...

ಸುಗ್ಗಿಯ ಹಬ್ಬಕ್ಕೆ ಅವರು ಹಿರಿಯರಿಗೆ ಎಡೆ ಇಡುತ್ತಿದ್ದರು, ನಮ್ಮ ಪಿತೃಪಕ್ಷದ ಹಾಗೆ. ಸತ್ತವರ ಅನ್ನದ ಬಟ್ಟಲಲ್ಲಿ ಚಮಚ ನೆಟ್ಟು ನಿಲ್ಲಿಸುವುದು ಪದ್ಧತಿ. ಮಗನಿಗೂ ಒಂದು ಬಟ್ಟಲು ಬೇರೆಯಾಗಿ ಇರುತ್ತಿತ್ತು. ಅದರ ಚಮಚ ಮಾತ್ರ ಪಕ್ಕದಲ್ಲಿ ಮಲಗಿರುತ್ತಿತ್ತು. ಒಂದು ವರ್ಷ ನಾನಿದ್ದಾಗಲೇ ಅಜ್ಜಿ, "ಸಾಕು, ಅವನಿಗೂ ಶಾಂತಿ ಸಿಗ್ಲಿ," ಎಂದು ಅದನ್ನೂ ನೆಟ್ಟುಬಿಟ್ಟರು. ತಾತ ಎದ್ದು ಬಂದು ಚಮಚ ಕಿತ್ತರು. ಬೆರಳಿನಿಂದ ಅನ್ನದ ಗುಳಿ ಮುಚ್ಚಿದರು.

"ಊರು ಒಪ್ಪಿಸಿದೆ. ಇವನನ್ನ ಒಪ್ಪಿಸಲ್ಲ," ಅಂದರು.

ಅಜ್ಜಿ ಮತ್ತೆ ಹಟ ಹಿಡಿಯಲಿಲ್ಲ. ತಾತ ತೀರಿಕೊಂಡ ವರ್ಷವೂ ಗಂಡನ ಅನ್ನಕ್ಕೆ ಚಮಚ ನೆಟ್ಟು, ಮಗನದನ್ನು ಪಕ್ಕದಲ್ಲೇ ಇಟ್ಟರು. ನೋಡಲಾಗದೆ ನಾನು ಹೊರಗೆ ಬಂದೆ.

ಈಗ ಅಜ್ಜಿಯೂ ಇಲ್ಲ. ಅಂಗಡಿಯಿದ್ದ ಜಾಗದಲ್ಲಿ ಫೋನು ಮಾರುತ್ತಾರೆ. ನನಗೂ ತಾತನ ವಯಸ್ಸಾಗುತ್ತಾ ಬಂತು. ಆ ಮಗ ಬದುಕಿದ್ದಾನೋ ಇಲ್ಲವೋ, ಅವನಿಗಾಗಿ ಕಾಯುವವರಂತೂ ಮುಗಿದುಹೋದರು.