ಮಾದೇಶನ ಗಡ್ಡದ ಹರಕೆ

ಕೊರೊನಾ ಕಳೆದ ಮರುವರ್ಷ. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತನಾಗಿ ಕೊಳ್ಳೇಗಾಲದಲ್ಲಿ ಕ್ಲಿನಿಕ್ ತೆರೆದಿದ್ದೆ. ಬರುವವರೆಲ್ಲ ಶುಗರ್, ಬಿ.ಪಿ.ಯವರೇ. ರಾಮಾಪುರದ ಕಡೆಯ ಮಾದೇಶ ಮಾತ್ರ ಟೆಸ್ಟೋಸ್ಟಿರೋನ್ ರಿಪೋರ್ಟ್ ಹಿಡಿದು ಬಂದ. ಟ್ರ್ಯಾಕ್ಟರ್ ಡ್ರೈವರ್, ವಯಸ್ಸು ಮೂವತ್ತನಾಲ್ಕು. ತಲೆಗೂದಲು ಹೆಗಲಿಗೆ ಇಳಿದಿತ್ತು, ಗಲ್ಲ ಬೋಳಾಗಿತ್ತು.

ಅವನು ನೆಲ ನೋಡುತ್ತ ಕೂತ. ಮಾತಾಡಿದ್ದು ಹೆಂಡತಿ ನಾಗಮಣಿ.

“ಮದ್ವೆಯಾಗಿ ಏಳ್ ವರ್ಸ ಸಾ, ಮಕ್ಳಿಲ್ಲ. ಮಗು ಆಗ್ಲಿ ಅಂತ ಮಾದಪ್ಪಂಗೆ ಮುಡಿ ಬಿಟ್ಟವ್ರೆ, ದೀಪಾವಳಿಗೆ ಮಾದಪ್ಪನ ಬೆಟ್ಟದಲ್ಲಿ ತಲೆ ಗಡ್ಡ ಎಲ್ಡೂ ಕೊಡ್ಬೇಕು. ತಲೆ ಬೆಳೀತು, ಗಡ್ಡ ಬರ್ನಿಲ್ಲ. ಊರೋರು ನಗಾಡ್ತರೆ. ಒಂದ್ ಸೂಜಿ ಆಕ್ಬುಡಿ.”

“ಮೊದಲು ಬರುತ್ತಿತ್ತೇನಮ್ಮ?”

“ಮದ್ವೆ ಹೊಸದ್ರಲ್ಲಿ ದಿನಾ ಬೋಳುಸ್ಕತಿದ್ರು ಸಾ. ಈಗ ಯಾವಾಗ್ಲೂ ಸುಸ್ತು ಅಂತರೆ.”

ನಾನು ನೆಟ್ಟಗೆ ಕೂತೆ. ಇದ್ದ ಗಡ್ಡ ಹೋಗಿದೆಯೆಂದರೆ ಅದು ಬರೀ ಸುಸ್ತಲ್ಲ. ಆದರೂ ಹಾರ್ಮೋನ್ ಕಡಿಮೆ ಎಂದು ತೋರಿಸುತ್ತಿದ್ದ ಆ ರಿಪೋರ್ಟನ್ನು ನಂಬುವಂತಿರಲಿಲ್ಲ. ಗಂಡಸಿನ ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ, ಉಂಡ ಮೇಲೂ ಇಳಿಯುತ್ತದೆ. ಇವನೋ ಮಧ್ಯಾಹ್ನ ಮುದ್ದೆ ಉಂಡು ರಕ್ತ ಕೊಟ್ಟಿದ್ದ! ಮೊದಲ ಬಸ್ಸಿಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ಬರಹೇಳಿದೆ. ಸುಮಾರು ಮುನ್ನೂರಾದರೂ ಇರಬೇಕಾದದ್ದು ಒಮ್ಮೆ ನೂರಿಪ್ಪತ್ತು, ಇನ್ನೊಮ್ಮೆ ನೂರಮೂವತ್ತು ಬಂತು. ವೃಷಣಕ್ಕೆ ‘ಕೆಲಸ ಮಾಡು’ ಎಂದು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್.ಎಚ್. ಕಡಿಮೆಯಿತ್ತು. ಅದೇ ಗ್ರಂಥಿಯ, ಎಲ್.ಎಚ್. ಅನ್ನು ಅದುಮಿಬಿಡುವ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ವಿಪರೀತ ಏರಿತ್ತು. ಮೈಸೂರಿನ ಎಂ.ಆರ್.ಐ.ಯಲ್ಲಿ ಅಲ್ಲೊಂದು ಸಣ್ಣ ಗಂಟು ಕಂಡಿತು. ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಮಾತ್ರೆಗೇ ಕುಗ್ಗುವಂಥದ್ದು.

ಹಾರ್ಮೋನ್ ತಜ್ಞರೊಡನೆ ಮಾತಾಡಿ ಇಬ್ಬರನ್ನೂ ಕೂರಿಸಿಕೊಂಡೆ. “ನೋಡಯ್ಯ, ಟೆಸ್ಟೋಸ್ಟಿರೋನ್ ಸೂಜಿ ಹಾಕಿದರೆ ಗಡ್ಡ ಬರುತ್ತೆ, ಕಸುವೂ ಬರುತ್ತೆ. ಆದರೆ ಹೊರಗಿಂದ ಸಿಕ್ಕಿತಲ್ಲ ಅಂತ ಮೈ ತನ್ನ ಕೆಲಸ ಬಿಡುತ್ತೆ, ವೀರ್ಯಾಣು ನಿಂತುಹೋಗಬಹುದು. ಮಾತ್ರೆ ನಿಧಾನ, ಆದರೆ ನಿನ್ನದೇ ಹಾರ್ಮೋನ್ ತಿರುಗಿ ಬರಬಹುದು. ಮಗು ಬೇಕಂದರೆ ಸೂಜಿ ಬೇಡ.”

ಮಾದೇಶ ತಲೆಯಾಡಿಸಿದ. ಮಾತ್ರೆ ಬರೆದುಕೊಟ್ಟೆ.

ನಾಲ್ಕು ತಿಂಗಳು ಪತ್ತೆಯಿಲ್ಲದೆ ಹೋದವನು ಒಂದು ದಿನ ಕರ್ರಗಿನ ಗಡ್ಡ ಬಿಟ್ಟುಕೊಂಡು ಬಂದ. ಅಬ್ಬಾ, ಎಷ್ಟು ಖುಷಿಪಟ್ಟೆ! ಸಂಜೆ ರಿಪೋರ್ಟ್ ಬಂದಾಗ ನನ್ನ ಮುಖ ಇಳಿಯಿತು. ಟೆಸ್ಟೋಸ್ಟಿರೋನ್ ಸಾವಿರ ದಾಟಿತ್ತು, ಎಲ್.ಎಚ್. ಲೆಕ್ಕಕ್ಕೇ ಸಿಕ್ಕಿರಲಿಲ್ಲ. ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇರಲಿಲ್ಲ.

“ಯಾರಯ್ಯ ಹಾಕಿದ್ದು ಸೂಜಿ?”

ಮಾದೇಶ ಗಡ್ಡ ಸವರಿಕೊಂಡ. “ಬೇರೆ ಕಡೆ ಆಕುಸ್ಕಂಡೆ ಸಾ. ದೀಪಾವಳಿಗೆ ಬೆಟ್ಟಕ್ಕೆ ಓಗ್ಬೇಕು. ಬೋಳು ಗಲ್ಲ ಇಟ್ಕಂಡು ಎಂಗ್ ಮುಡಿ ಕೊಡ್ಲಿ?”

ನನಗೆ ಪಿತ್ತ ನೆತ್ತಿಗೇರಿತು. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಮಗುಗೋಸ್ಕರ ಹರಕೆ, ಹರಕೆಗೋಸ್ಕರ ಮಗುನೇ ಬೇಡವಾ?”

ಸೂಜಿಯ ವಿಷಯ ಪಕ್ಕದಲ್ಲಿ ಕೂತಿದ್ದ ನಾಗಮಣಿಗೂ ಆಗಲೇ ತಿಳಿದದ್ದು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ತಡೆದಳು. “ಅಂಗನ್ಬೇಡಿ ಸಾ. ನನ್ನ ಬಂಜೆ ಅಂದಾಗ ನಾ ಬಾಗ್ಲಾಕ್ಕಂಡು ಒಳಗ್ ಕೂತ್ಕಂಡೆ. ಅವ್ರು ಬೀದೀಲೇ ಟ್ಯಾಕ್ಟ್ರಿ ಓಡುಸ್ಬೇಕಲ್ಲ.”

ನಾನು ರಿಪೋರ್ಟನ್ನು ಮಡಚಿಟ್ಟೆ. ಗಂಡನ ಕಡೆ ತಿರುಗಿ ಅವಳೇ ಹೇಳಿದಳು: “ಗಡ್ಡ ನೋಡಿ ಮಾದಪ್ಪ ಕೊಟ್ಟಾನಾ? ಸೂಜಿ ಸಾಕು, ಬುಟ್ಬುಡಿ.”

ತಜ್ಞರ ಸಲಹೆಯಂತೆ ಸೂಜಿ ನಿಂತಿತು, ಮಾತ್ರೆ ಮುಂದುವರಿಯಿತು. ಮುಂದಿನ ತಿಂಗಳುಗಳು ಕಷ್ಟದವು. ಗಡ್ಡ ತೆಳ್ಳಗಾಯಿತು, ಸುಸ್ತು ತಿರುಗಿ ಬಂತು, ಕೂತಲ್ಲಿ ನಿಂತಲ್ಲಿ ಸಿಡುಕು. ಅವನು ಮತ್ತೆ ಆ ಸೂಜಿಯ ಕಡೆಗೇ ಹೋಗಿಬಿಡುತ್ತಾನೇನೋ ಎಂದು ನನಗೆ ಭಯವಿತ್ತು. ಆ ದೀಪಾವಳಿಗೆ ಅವನು ಬೆಟ್ಟ ಹತ್ತಲಿಲ್ಲ.

ಹತ್ತಿದ್ದು ಅದರ ಮರುವರ್ಷ. ಹಬ್ಬ ಕಳೆದು ಬಂದಾಗ ತಲೆ ನುಣ್ಣಗಿತ್ತು, ಗಲ್ಲವೂ ನುಣ್ಣಗಿತ್ತು.

“ಗಡ್ಡ ನಾಕೆಳೆ ಇತ್ತು ಸಾ, ಅದ್ನೇ ಕೊಟ್ಟೆ. ಬೋಳ್ಸೋನೂ ನಕ್ಬುಟ್ಟ.”

“ನೀನೇನು ಮಾಡಿದೆ?”

“ನಾನೂ ನಕ್ಬುಟ್ಟೆ.”

ಮೊನ್ನೆಯ ರಿಪೋರ್ಟಿನಲ್ಲಿ ಅವನದೇ ಹಾರ್ಮೋನ್ ಇನ್ನೂರನಲವತ್ತಕ್ಕೆ ಏರಿದೆ, ವೀರ್ಯಾಣುಗಳೂ ಅಲ್ಲೊಂದು ಇಲ್ಲೊಂದು ಕಂಡಿವೆ. ಮಗು ಆಗಿಲ್ಲ. ಆಗುತ್ತದೆಂದು ನಾನೂ ಮಾತು ಕೊಟ್ಟಿಲ್ಲ. ಬೇರೆ ದಾರಿಗಳಿವೆ, ನೋಡೋಣ ಎಂದಿದ್ದೇನೆ.

ಹಾರ್ಮೋನ್ ಎಷ್ಟಿದೆಯೆಂದು ಲ್ಯಾಬು ಹೇಳುತ್ತದೆ. ಅದು ಯಾತಕ್ಕೆ ಬೇಕಾಗಿದೆಯೆಂದು ನಾವೇ ಕೇಳಬೇಕು. ಈಗ ಯಾವ ಗಂಡಸು ಈ ಪರೀಕ್ಷೆ ಕೇಳಿಕೊಂಡು ಬಂದರೂ ಬಾಗಿಲು ಹಾಕಿ, ರಕ್ತ ತೆಗೆಯುವ ಮೊದಲೇ ಕೇಳುತ್ತೇನೆ: “ನಿನ್ನ ನೋಡಿ ಯಾರಯ್ಯ ನಗ್ತಾ ಇರೋದು?”