ನನ್ನ ಚಿತ್ರಕ್ಕೆ ನಾನೇ ಕೊಟ್ಟ ಅಂಕ

ನಿಪ್ಪಾಣಿಯಲ್ಲಿ ನಾನು ಚಿತ್ರಕಲೆ ಕಲಿಯುತ್ತಿದ್ದಾಗ ನಮ್ಮ ಡ್ರಾಯಿಂಗ್ ಸರ್ ಒಂದು ಪದ್ಧತಿ ಇಟ್ಟಿದ್ದರು. ವರ್ಷದ ಕೊನೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ, ಬಿಡಿಸಿದವರೇ ಅದರ ಪಕ್ಕ ನಿಲ್ಲಬೇಕು. ಎಲ್ಲಿ ಸರಿ ಬಂದಿದೆ, ಎಲ್ಲಿ ಕೆಟ್ಟಿದೆ ಎಂದು ಎಲ್ಲರೆದುರು ಹೇಳಬೇಕು. ಕೊನೆಗೆ ತಮಗೆ ತಾವೇ ಅಂಕ ಹಾಕಿಕೊಳ್ಳಬೇಕು. ಸರ್ ಹಾಕುವ ಅಂಕ ಆಮೇಲಿನದು.

“ಮಂದಿ ಚಿತ್ರದಾಗ ತಪ್ಪ ಹುಡುಕೂದು ಯಾರಿಗರೇ ಬರತೈತಿ. ತಮ್ಮ ಚಿತ್ರದ ಮುಂದ ನಿಂತು ಖರೇ ಹೇಳೂದು ಕಲೀರಿ,” ಅನ್ನುತ್ತಿದ್ದರು.

ನಾನೋ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ‘ಹಾಜರ್ ಸರ್’ ಅನ್ನಬೇಕಾದರೂ ನನ್ನ ಹೆಸರನ್ನು ಎರಡು ಸಲ ಕರೆಯಬೇಕಿತ್ತು. ಮೊದಲ ವರ್ಷದ ಆ ಚಿತ್ರದ ದಿನ ನೆನೆದರೆ ಊಟ ಸೇರುತ್ತಿರಲಿಲ್ಲ. ವಿಷಯ ಕೊಟ್ಟ ದಿನವಂತೂ ಇನ್ನಷ್ಟು ಹೆದರಿಕೆಯಾಯಿತು. ಸರ್ ಬೋರ್ಡಿನ ಮೇಲೆ ಒಂದೇ ಒಂದು ಶಬ್ದ ಬರೆದಿದ್ದರು: ಡಿಜಿಟಲ್.

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಮಗೆಲ್ಲ ಡಿಜಿಟಲ್ ಅಂದರೆ ಮುಳ್ಳಿಲ್ಲದ ಕೈಗಡಿಯಾರ. ಜೊತೆಯವರು ಗಡಿಯಾರ ಬಿಡಿಸುತ್ತೇನೆ, ಕ್ಯಾಲ್ಕುಲೇಟರ್ ಬಿಡಿಸುತ್ತೇನೆ, ಕೈಕಾಲು ಇರುವ ಟೀವಿ ಬಿಡಿಸುತ್ತೇನೆ ಎಂದು ಹಂಚಿಕೊಂಡರು. ನಾನು ಮಾತ್ರ ಆ ಶಬ್ದವನ್ನು ಬೇರೆ ಕಡೆ ಕೇಳಿದ್ದೆ. ಅವ್ವನ ಆಫೀಸಿನಲ್ಲಿ.

ಅವ್ವ ರಾಯಬಾಗ ತಾಲೂಕಿನ ನಮ್ಮೂರಲ್ಲಿ ಟೆಲಿಫೋನ್ ಆಪರೇಟರ್. ಅಪ್ಪ ಲೈನ್‌ಮನ್ ಆಗಿದ್ದ. ನಾನು ಸಣ್ಣವಳಿದ್ದಾಗ ಕಾಮಾಲೆಯಾಗಿ ತೀರಿಕೊಂಡ. ಆಮೇಲೆ ಇಲಾಖೆಯವರು ಅವ್ವನಿಗೆ ಆ ಕುರ್ಚಿ ಕೊಟ್ಟಿದ್ದರು. ಎದುರಿಗೆ ಆಳೆತ್ತರದ ಕಟ್ಟಿಗೆಯ ಬೋರ್ಡು, ಅದರ ತುಂಬ ತೂತುಗಳು. ಊರಿನ ಒಂದೊಂದು ಫೋನಿಗೆ ಒಂದೊಂದು ತೂತು. ಯಾರಾದರೂ ತಮ್ಮ ಮನೆಯಲ್ಲಿ ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಅವರ ತೂತಿನ ಮೇಲಿನ ಸಣ್ಣ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಅವ್ವ ಅದರಲ್ಲಿ ವೈರು ಚುಚ್ಚಿ “ನಂಬರ್ ಪ್ಲೀಜ್” ಅನ್ನುತ್ತಿದ್ದಳು. ದ್ರಾಕ್ಷಿ ತೋಟದವರು ಸಾಂಗಲಿಯ ವ್ಯಾಪಾರಿಗಳ ಜೊತೆ ಮಾತಾಡಬೇಕಾದರೂ, ಬಾಣಂತಿಯ ಸುದ್ದಿ ತವರಿಗೆ ಮುಟ್ಟಬೇಕಾದರೂ ಅವ್ವನ ಕೈ ದಾಟಿಯೇ ಹೋಗಬೇಕು.

ಆ ಕಟ್ಟಡದ ಹಿಂದಿನ ಕೋಣೆಯಲ್ಲಿ ಈಗ ಹೊಸ ಡಿಜಿಟಲ್ ಎಕ್ಸ್‌ಚೇಂಜ್ ಕೂಡಿಸುತ್ತಿದ್ದರು. ಅದು ಶುರುವಾದರೆ ಜನ ತಾವೇ ನಂಬರು ಒತ್ತಿ ಮಾತಾಡಬಹುದಂತೆ, ನಡುವೆ ಆಪರೇಟರ್ ಬೇಡವಂತೆ. ಊರಲ್ಲಿ ಎಲ್ಲರಿಗೂ ಸಂಭ್ರಮ. ನಮ್ಮ ಮನೆಯಲ್ಲಿ ಅದರ ಮಾತೇ ಇಲ್ಲ. ಶನಿವಾರ ನಾನು ನಿಪ್ಪಾಣಿಯಿಂದ ಬಂದರೆ ಅವ್ವ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಕರಕಾಗುವವರೆಗೂ ಎಲ್ಲೋ ನೋಡುತ್ತಿದ್ದಳು.

“ಕೆಲಸ ಹೋಗತೈತೇನಬೇ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಯಾರಿಗ್ಗೊತ್ತು. ನೀ ನಿನ್ನ ಅಭ್ಯಾಸ ಮಾಡು.”

ಹೊಸ ಯಂತ್ರ ನೋಡಿ ಬಿಡಿಸುತ್ತೇನೆ ಅಂದಾಗ ಅವಳು ಬೇಡ ಅನ್ನಲಿಲ್ಲ. ಬೆಳಗಾವಿಯಿಂದ ಬಂದಿದ್ದ ಟೆಕ್ನಿಶಿಯನ್‌ನನ್ನು ತಾನೇ ಕೇಳಿದಳು. ಆತ ನಗುಮುಖದ ಮನುಷ್ಯ, ಅವ್ವನಿಗೆ ಅಕ್ಕಾರ ಅನ್ನುತ್ತಿದ್ದ. “ಬರಲಿ ಬಿಡ್ರಿ ಅಕ್ಕಾರ. ಚಪ್ಪಲಿ ಹೊರಗ ಬಿಡಬೇಕು, ಏನೂ ಮುಟ್ಟಬಾರದು, ಧೂಳ ಮಾಡಬಾರದು. ಈ ಮಶೀನಿಗೆ ಧೂಳಂದ್ರ ವಿಷ ಇದ್ದಂಗ.”

ಭಾನುವಾರ ಮಧ್ಯಾಹ್ನ ಒಳಗೆ ಹೋದೆ. ಕಿಟಕಿಗಳಿಗೆಲ್ಲ ಪ್ಲೈವುಡ್ ಹೊಡೆದಿದ್ದರು. ಹೊರಗೆ ಬಿಸಿಲು ಉರಿಯುತ್ತಿದ್ದರೆ ಒಳಗೆ ಏಸಿಯ ತಂಪು, ಮೈಮೇಲಿನ ಕೂದಲು ಎದ್ದು ನಿಂತವು. ನಾನು ದೊಡ್ಡದೇನನ್ನೋ ಎಣಿಸಿದ್ದೆ. ಇದ್ದದ್ದು ಬೂದು ಬಣ್ಣದ ಕಬ್ಬಿಣದ ಕಪಾಟುಗಳು, ಅವುಗಳೊಳಗೆ ಸಾಲಾಗಿ ಹಲಗೆಗಳು, ಹಲಗೆಗಳ ಮೇಲೆ ಮಿಣಮಿಣ ಅನ್ನುವ ಹಸಿರು ದೀಪಗಳು. ಮುಚ್ಚಳ ಬೀಳುವ ಸದ್ದಿಲ್ಲ, ಮನುಷ್ಯರ ದನಿ ಇಲ್ಲ. ಫ್ಯಾನಿನಂಥ ಒಂದೇ ಹುಂಯ್ ಶಬ್ದ.

ಬಾಗಿಲಿಗೆ ಸ್ಪ್ರಿಂಗ್ ಇತ್ತು. ಒಳಗಿನ ಹಿಡಿಕೆಯನ್ನು ಬಡಿಗ ಇನ್ನೂ ಕೂಡಿಸಿರಲಿಲ್ಲ. ಟೆಕ್ನಿಶಿಯನ್ ಒಂದು ರಟ್ಟನ್ನು ಮಡಚಿ ಬಾಗಿಲ ಸಂದಿಗೆ ತುರುಕಿ, “ಕೂತು ಬಿಡಸು ತಂಗಿ, ನಾ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದ್ ಪಾರ್ಸಲ್ ತರತೇನಿ,” ಎಂದು ಹೋದ. ನಾನು ನೆಲದ ಮೇಲೆ ಕೂತು ಹಾಳೆ ಬಿಚ್ಚಿದೆ. ಸರ್ ಇದ್ದಿಲು ಕಡ್ಡಿಯಿಂದ ಬಿಡಿಸುವುದನ್ನು ಆಗಷ್ಟೇ ಕಲಿಸಿದ್ದರು. ಕಪಾಟಿನ ಗೆರೆ ಎಳೆದೆ, ಬೆರಳಿನಿಂದ ನೆರಳು ತಿಕ್ಕಿದೆ. ಕಪ್ಪು ಪುಡಿ ಹಾಳೆಯಿಂದ ಜಾರಿ ನೆಲಕ್ಕೆ ಬಿತ್ತು. ಆಗ ಧೂಳಿನ ಮಾತು ನೆನಪಾಯಿತು. ದುಪಟ್ಟಾದಿಂದ ಒರೆಸಲು ಹೋದೆ, ಪುಡಿ ಇನ್ನೂ ಹರಡಿತು.

ಅಷ್ಟರಲ್ಲಿ ರಟ್ಟು ಜಾರಿತು. ಬಾಗಿಲು ನಿಧಾನಕ್ಕೆ ಬಂದು ಟಕ್ಕೆಂದು ಹಾಕಿಕೊಂಡಿತು. ನಾನು ಏಳುವಷ್ಟರಲ್ಲಿ ದೀಪ ಆರಿತು. ಏಸಿ ನಿಂತಿತು. ಕತ್ತಲೆಯಲ್ಲಿ ಕಪಾಟುಗಳ ನೆತ್ತಿಯ ಮೇಲೆ ಕೆಂಪು ದೀಪ ಹೊತ್ತಿಕೊಂಡು, ಕಿವಿ ಹರಿಯುವ ಹಾಗೆ ಗಂಟೆ ಹೊಡೆದುಕೊಳ್ಳತೊಡಗಿತು.

ನನ್ನ ಇದ್ದಿಲು ಪುಡಿಯಿಂದಲೇ ಇದಾಯಿತು ಅಂದುಕೊಂಡೆ. ಊರಿನ ಹೊಸ ಫೋನೆಲ್ಲ ಸುಟ್ಟುಹೋದವು, ಅವ್ವನನ್ನು ಪೊಲೀಸರು ಹಿಡಿಯುತ್ತಾರೆ. ಇದೇ ಯೋಚನೆ ಸುತ್ತಿ ಸುತ್ತಿ ಬಂತು. ಬಾಗಿಲಿಗೆ ಹೋಗಿ ತಡಕಾಡಿದೆ. ಹಿಡಿಕೆ ಇರಬೇಕಾದ ಜಾಗದಲ್ಲಿ ಬರೀ ತೂತು. ಎರಡೂ ಕೈಯಿಂದ ಬಡಿದೆ.

“ಅವ್ವಾ! ಯವ್ವಾ!”

ಹೊರಗೆ ಓಡಿಬಂದ ಹೆಜ್ಜೆ ಕೇಳಿಸಿತು. “ಏನಾತ? ಒಳಗ ನೀ ಅಷ್ಟs ಅದೀ ಏನು?”

“ಬಾಗಲಾ ತಗೀಬೇ! ಮಶೀನ ಸುಡಾಕತ್ತೇತಿ!”

ಅವ್ವ ಹೊರಗಿನಿಂದ ಎಳೆದಳು. ಬೀಗ ಬಿದ್ದಿತ್ತು, ಕೀಲಿ ಟೆಕ್ನಿಶಿಯನ್ ಕಿಸೆಯಲ್ಲಿ. “ಅಂಜಬ್ಯಾಡ, ಅವರು ಬರತಾರ, ನಾ ಇಲ್ಲೇ ಅದೇನಿ,” ಅನ್ನುವಷ್ಟರಲ್ಲಿ ಆಚೆ ಬೋರ್ಡಿನಲ್ಲಿ ಮುಚ್ಚಳ ಬಿದ್ದ ಟಪ್ ಸದ್ದು. ಹಳೆಯ ಬೋರ್ಡಿಗೆ ಕರೆಂಟಿನ ಹಂಗಿರಲಿಲ್ಲ. ಕೆಲಸಕ್ಕೆ ಅವತ್ತು ಅವಳೊಬ್ಬಳೇ. ಓಡಿಹೋದಳು. ಯಾರೋ ಮಿರಜದ ದವಾಖಾನೆಗೆ ಟ್ರಂಕ್ ಕಾಲ್ ಕೇಳುತ್ತಿದ್ದರು. “ಮಿರಜ್, ಮಿರಜ್, ಅರ್ಜಂಟ್ ಆಹೆ,” ಎಂದು ಅವ್ವ ಮರಾಠಿಯಲ್ಲಿ ಕೂಗುವುದು ಗಂಟೆಯ ಸದ್ದಿನ ನಡುವೆ ತುಂಡುತುಂಡಾಗಿ ಕೇಳುತ್ತಿತ್ತು. ಮತ್ತೆ ಬಾಗಿಲಿಗೆ ಬಂದಳು. “ಕೆಳಗ ಕುಂದ್ರು. ಬಾಗಲಾ ಹತ್ತರ ಕುಂದ್ರು. ಇಲ್ಲಿ ನೋಡು, ನನ್ನ ಕಾಲ ಕಾಣತಾವ?”

ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಬಾಗಿಲ ಕೆಳಗೆ ಬೆರಳಗಲದ ಬೆಳಕು. ಅದರ ನಡುವೆ ಅವ್ವನ ಪಾದಗಳು, ಸೀರೆಯ ಅಂಚು. ಮತ್ತೆ ಟಪ್ ಸದ್ದು. ಪಾದಗಳು ಹೋದವು. ಬರೀ ಬೆಳಕು ಉಳಿಯಿತು. ಅವು ಮರಳಿ ಬರುವವರೆಗೆ ಆ ಬೆಳಕಿನಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಟೆಕ್ನಿಶಿಯನ್ ಬಂದು ಬಾಗಿಲು ತೆಗೆದಾಗ ನಾನು ಬೆವರಿನಲ್ಲಿ ತೊಯ್ದಿದ್ದೆ, ಮುಖವೆಲ್ಲ ಇದ್ದಿಲು ಕಪ್ಪು. ಆತ ಗಂಟೆ ಬಂದ್ ಮಾಡಿ, “ಏನೂ ಆಗಿಲ್ಲ ತಂಗಿ. ಊರಾಗ ಕರೆಂಟ್ ಹೋಗೇತಿ ಅಷ್ಟs. ಮಶೀನ ಬ್ಯಾಟರಿ ಮ್ಯಾಲ ನಡದೈತಿ. ಅದನ್ನ ಹೇಳಾಕ ಹಂಗ ಒದರತೈತಿ,” ಅಂದ. ಬಾಗಿಲಿನ ಬಗ್ಗೆ ಮಾತ್ರ ಅವ್ವ ಅವನಿಗೆ ಚೆನ್ನಾಗಿಯೇ ಬೈದಳು. ಆತ ತಲೆ ಬಗ್ಗಿಸಿ ಕೇಳಿಸಿಕೊಂಡ. ಸಂಜೆಯೊಳಗೆ ಬಡಿಗನನ್ನು ಕರೆಸಿ ಹಿಡಿಕೆ ಕೂಡಿಸಿದ.

ಆದರೆ ನನಗೆ ಅವನ ಮಾತು ನಂಬಿಕೆಯಾಗಲಿಲ್ಲ. ಪುಡಿ ಯಾವುದೋ ಸಂದಿಯಲ್ಲಿ ಕೂತಿರಬೇಕು, ಉದ್ಘಾಟನೆಯ ದಿನ ದೊಡ್ಡವರೆಲ್ಲ ಬಂದು ಗುಂಡಿ ಒತ್ತಿದಾಗ ಎಲ್ಲ ನಿಂತುಹೋಗುತ್ತದೆ, ಆಪರೇಟರ್ ತನ್ನ ಮಗಳನ್ನು ಒಳಗೆ ಬಿಟ್ಟಿದ್ದಳಂತೆ ಎಂದು ಎಲ್ಲರೂ ಹೇಳುತ್ತಾರೆ. ನಿಪ್ಪಾಣಿಯಲ್ಲಿ ನಾನು ಉಳಿದುಕೊಂಡಿದ್ದ ಮಾವಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿ ಇದನ್ನೇ ಯೋಚಿಸುತ್ತ ಕೂರುತ್ತಿದ್ದೆ. ಬೀಡಿ ಕಟ್ಟುತ್ತ ಕೂತ ಮಾವಶಿ, “ಯಾಕ ಹಿಂಗ ಬಿಳಿಚ್ಕೊಂಡೀದಿ, ಹುಷಾರಿಲ್ಲೇನ?” ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಚಿತ್ರವನ್ನು ಮೊದಲು ಚೆಂದ ಬಿಡಿಸಲು ನೋಡಿದೆ. ಕಪಾಟು, ಅದರ ಹಿಂದೆ ಉದಯಿಸುವ ಸೂರ್ಯ, ಪಾರಿವಾಳಗಳು. ಗೋಡೆ ಮೇಲಿನ ಸರಕಾರಿ ಪೋಸ್ಟರಿನ ಹಾಗೆ. ಬಣ್ಣ ಒಣಗಿದ ಮೇಲೆ ನೋಡಿದರೆ ಅದು ನಾನು ನೋಡಿದ ಕೋಣೆಯೇ ಅಲ್ಲ. ಹರಿದು ಹಾಕಿ ಇನ್ನೊಂದು ಹಾಳೆ ತೆಗೆದುಕೊಂಡೆ. ಈ ಸಲ ನೆಲಕ್ಕೆ ಕೆನ್ನೆ ಹಚ್ಚಿದಾಗ ಕಂಡದ್ದನ್ನೇ ಬಿಡಿಸಿದೆ. ಮೇಲೆ ವಾಲಿದಂತಿರುವ ಕಪಾಟುಗಳು, ಕೆಂಪು ದೀಪ, ಕತ್ತಲೆ, ಬಾಗಿಲ ಕೆಳಗೆ ಬೆಳಕು, ಬೆಳಕಿನಲ್ಲಿ ಎರಡು ಪಾದ.

ಚಿತ್ರಗಳ ಪಕ್ಕ ನಿಲ್ಲುವ ನಮ್ಮ ಪಾಳಿ ಬರುವ ಮೊದಲೇ ಊರಲ್ಲಿ ಹೊಸ ಎಕ್ಸ್‌ಚೇಂಜ್ ಶುರುವಾಯಿತು. ಏನೂ ನಿಲ್ಲಲಿಲ್ಲ, ಏನೂ ಸುಡಲಿಲ್ಲ. ಸುದ್ದಿ ತಿಳಿದಾಗ ನನ್ನ ಒಂದು ಹೆದರಿಕೆ ಇಳಿಯಿತು. ಅವ್ವನ ಕೆಲಸದ್ದು ಹಾಗೇ ಉಳಿಯಿತು. ಅವಳನ್ನು ಎಲ್ಲಿಗೆ ಹಾಕುತ್ತಾರೆ, ಹಾಕುತ್ತಾರೋ ಇಲ್ಲವೋ, ಯಾರೂ ಹೇಳಿರಲಿಲ್ಲ. ಕೆಲಸವಿಲ್ಲದ ಆಫೀಸಿಗೆ ಹೋಗಿ ಕೂತು ಬರುತ್ತಿದ್ದಳು.

ಚಿತ್ರಗಳ ದಿನ ಅವಳು ರಜೆ ಹಾಕಿ ನಿಪ್ಪಾಣಿಗೆ ಬಂದಳು. ಬರಬೇಡ ಅಂದಿದ್ದೆ. ಹಾಲ್‌ನ ಕೊನೆಯಲ್ಲಿ, ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ನನ್ನ ಹೆಸರು ಕರೆದಾಗ ನಡೆದುಹೋದೆನೋ ಯಾರಾದರೂ ತಳ್ಳಿದರೋ ಗೊತ್ತಿಲ್ಲ. ಚಿತ್ರದ ಪಕ್ಕ ನಿಂತೆ. ಎಲ್ಲರಿಗೂ ಬೆನ್ನು ತಿರುಗಿಸಿ ಅದನ್ನೇ ನೋಡತೊಡಗಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಸಾವಕಾಶ ಹೇಳ. ಮೊದಲ ಕೆಟ್ಟದ್ದು ಹೇಳಿ ಮುಗಿಸು,” ಅಂದರು.

“ಕಪಾಟು ಸೊಟ್ಟ ಆಗ್ಯಾವ್ರಿ ಸರ್. ಇದು ಬೇಕಂತ ಸೊಟ್ಟ ಬಿಡಿಸೇನಿ, ಅದು ಮಾತ್ರ ಕೈ ತಪ್ಪೇತಿ.” ಬೆರಳಿನಿಂದ ತೋರಿಸಿದೆ. “ಕೆಂಪ ಬಾಳ ಆಗೇತಿ. ಅಂಜಿಕಿ ತೋರಸಾಕಂತ ಹಾಕಿನಿ, ಆದ್ರ ಅಷ್ಟ ಬೇಕಿರಲಿಲ್ಲ. ಕಪ್ಪಿನಾಗs ಅಂಜಿಕಿ ಇತ್ತು.”

“ಛಲೋದ ಏನೈತಿ?”

“ಬಾಗಲಾ ಕೆಳಗಿನ ಬೆಳಕ ಬರೋಬರಿ ಬಂದೈತ್ರಿ.”

“ಇದರಾಗ ಡಿಜಿಟಲ್ ಎಲ್ಲೈತಿ? ಮಶೀನ ಹೆಂಗ ಕೆಲಸ ಮಾಡತೈತಿ ನನಗ ಕಾಣವಲ್ದು.”

“ಮಶೀನ ನನಗ ತಿಳಿದಿಲ್ರಿ ಸರ್. ನಾ ಒಳಗ ಸಿಕ್ಕಿದ್ದೆ, ನಮ್ಮವ್ವ ಹೊರಗಿದ್ಲು. ನನಗ ಅಷ್ಟs ಗೊತ್ತು. ಅದನ್ನs ಬಿಡಿಸೇನಿ.”

ಅಂಕ ಕೇಳಿದಾಗ ನೂರಕ್ಕೆ ನಲವತ್ತೈದು ಅಂದೆ. ಕಪಾಟಿಗೆ, ಕೆಂಪಿಗೆ, ತಿಳಿಯದೆ ಉಳಿದ ಯಂತ್ರಕ್ಕೆ ಕಳೆದು ಅಷ್ಟು. ಸರ್ ಎದ್ದು ಬಂದು ಚಿತ್ರವನ್ನು ಹತ್ತಿರದಿಂದ ನೋಡಿದರು. “ಇರಲಿ. ಮುಂದಿನ ಸಲ ಮಶೀನ ಹೆಂಗ ನಡಿತೈತಿ ಕೇಳ್ಕೊಂಡ ಬಾ. ಅಂಜಿಕಿ ಕಡಿಮಿ ಆಗತೈತಿ, ಚಿತ್ರನೂ ಸುಧಾರಸತೈತಿ,” ಎಂದು ಮುಂದಿನವರನ್ನು ಕರೆದರು. ಆಮೇಲೆ ಅವರು ಹಾಕಿದ ಅಂಕ ನನ್ನದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಈಗ ಯೋಚಿಸಿದರೂ ಅವತ್ತು ನಾನು ಹೇಳಿದ್ದು ಬಹುಪಾಲು ಸರಿಯೇ ಅನ್ನಿಸುತ್ತದೆ. ಕೆಂಪಿನ ವಿಷಯದಲ್ಲಿ ಮಾತ್ರ ನನ್ನನ್ನು ನಾನೇ ತುಸು ಜಾಸ್ತಿ ಬೈದುಕೊಂಡೆ.

ಎಲ್ಲರೂ ಹೋದ ಮೇಲೆ ಅವ್ವ ಚಿತ್ರದ ಮುಂದೆ ಬಂದು ನಿಂತಳು. ಅದರೊಳಗಿನ ತನ್ನ ಪಾದಗಳನ್ನು ನೋಡಿದಳು.

“ಒಂದ್ ಮಾತ ಹೇಳ್ಲಿ? ಗಂಟಿ ಹೊಡಕೊಂಡಾಗ ನನಗ ಒಂದ್ ಗಳಿಗಿ ಖುಷಿ ಆಗಿತ್ತು. ಮಶೀನ ಕೆಡ್ತು, ನನ್ನ ಬೋರ್ಡ್ ಉಳೀತು ಅಂತ. ಆಮ್ಯಾಲ ನಿನ್ನ ದನಿ ಕೇಳ್ತು. ಆವಾಗ ಹುಟ್ಟಿದ ಅಂಜಿಕಿ ಇನ್ನೂ ಹೋಗಿಲ್ಲ ನೋಡು.”

ಅವಳು ಹೆದರುತ್ತಾಳೆ ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳ ಕೈ ಹಿಡಿದೆ. ನನ್ನ ಕೈಗಿಂತ ಅದೇ ತಣ್ಣಗಿತ್ತು.

ಮಳೆಗಾಲದ ಹೊತ್ತಿಗೆ ಅವ್ವನನ್ನು ಚಿಕ್ಕೋಡಿಗೆ ಹಾಕಿದರು, ದೂರು ಬರೆದುಕೊಳ್ಳುವ ಕಿಟಕಿಗೆ. ಅಲ್ಲಿ ಕಂಪ್ಯೂಟರ್ ಕಲಿಯಬೇಕು ಎಂದೂ ಹೇಳಿದ್ದರು. ನನ್ನ ಎರಡನೇ ವರ್ಷ ಶುರುವಾಗಿತ್ತು. ಸೋಮವಾರ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಕಬ್ಬೂರು ದಾಟುವವರೆಗೂ ಅವಳು ಕಿಟಕಿಯ ಸರಳು ಹಿಡಿದು ಕೂತಿದ್ದಳು. ಚಿಕ್ಕೋಡಿ ಬಂದಾಗ ಎದ್ದು ಸೀರೆ ಸರಿಮಾಡಿಕೊಂಡಳು.

“ಕೀ ಬೋರ್ಡಿನ ಮ್ಯಾಲ ಅಕ್ಷರ ಎಲ್ಲಾ ಕಲಸಿಮಲಸಿ ಇರತಾವಂತ. ನನಗ ಬರತೈತೇನ?”

“ಬರತೈತಿ ಬಿಡಬೇ.”

ಇಳಿದಳು. ಜನರ ನಡುವೆ ಟಿಫಿನ್ ಚೀಲ ಎದೆಗವಚಿಕೊಂಡು, ಆಫೀಸು ಎತ್ತ ಕಡೆ ಎಂದು ಹೂ ಮಾರುವವಳನ್ನು ಕೇಳುತ್ತಿದ್ದಳು. ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ನಿಪ್ಪಾಣಿ ರಸ್ತೆಗೆ ಹೊರಳಿತು.