ಕರೆದವರಿಗೆಲ್ಲ ಚೆಂಡು ಕೊಟ್ಟವನು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಗುರುತಿನ ಚೀಟಿಗೆ, ಬಿಟ್ಟರೆ ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ಲೋಕಕ್ಕೆಲ್ಲ ಅವನು ‘ಬಂದೆ’. ಹೋಟೆಲಿನ ಯಾವ ಮೂಲೆಯಿಂದ ಯಾರು ಕೂಗಲಿ, ಚಿಟಿಕೆ ಹೊಡೆಯಲಿ, ಲೋಟವನ್ನು ಮೇಜಿಗೆ ಕುಟ್ಟಲಿ, ‘ಬಂದೆ ಸಾರ್’ ಎಂಬ ಉತ್ತರ ಅವನ ಬಾಯಿಂದ ಮೊದಲು ಹೊರಡುತ್ತಿತ್ತು, ಕಾಲು ಆಮೇಲೆ. ಬಾಯಿಗೂ ಕಾಲಿಗೂ ನಡುವೆ ತಲೆ ಅನ್ನುವ ಪದಾರ್ಥಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಮೀಸೆ ಮೂಡುವ ಮುಂಚೆ ಆ ಹೋಟೆಲು ಸೇರಿದವನು. ಈಗ ಮೀಸೆ ನರೆಯಲು ಶುರುವಾಗಿತ್ತು. ಬಸ್ ನಿಲ್ದಾಣದ ಎದುರಿನ ಉದ್ದನೆಯ ಹಾಲ್ ಅದು. ಮೇಜುಗಳನ್ನು ಎಷ್ಟು ಒತ್ತಾಗಿ ಹಾಕಿದ್ದರೆಂದರೆ, ಒಬ್ಬ ಗಿರಾಕಿ ಸೀನಿದರೆ ಪಕ್ಕದ ಮೇಜಿನ ಸೂಪಿಗೆ ಉಪ್ಪು ಹೆಚ್ಚಾಗುತ್ತಿತ್ತು. ಆ ಸಂದಿಗೊಂದಿಯಲ್ಲಿ ಬಂದೆ ಎಡಗೈ ಮೇಲೆ ತುಂಬಿದ ಟ್ರೇ ಇಟ್ಟುಕೊಂಡು, ಭುಜ ಓರೆ ಮಾಡಿ, ಅಡುಗೆಮನೆಯ ತೂಗುಬಾಗಿಲನ್ನು ಪಾದದಿಂದ ಒದ್ದು, ಹೊರಬರುವಾಗ ಕಾಫಿ ಒಂದು ಹನಿ ತುಳುಕುತ್ತಿರಲಿಲ್ಲ. ಇದನ್ನು ಯಾರೂ ನೋಡುತ್ತಿರಲಿಲ್ಲ. ಕಾಫಿ ತಂದವನ ಮುಖ ನೋಡುವ ಅಭ್ಯಾಸ ಕಾಫಿ ಕುಡಿಯುವವರಿಗೆ ಇಲ್ಲ.

ನೋಡಿದ್ದು ಡ್ರಿಲ್ ಮೇಡಂ ಒಬ್ಬರೇ. ಹಿಂದಿನ ಬೀದಿಯ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಶಾಲೆ ಮುಚ್ಚಿಹೋಗಿತ್ತು, ಆದರೆ ಅವರ ಕೊರಳಿನ ಸೀಟಿ ಇನ್ನೂ ಕೆಲಸದಲ್ಲಿತ್ತು. ದಿನಾ ಮಧ್ಯಾಹ್ನ ಮೂಲೆಯ ಮೇಜಿಗೆ ಊಟಕ್ಕೆ ಬಂದು, ಅಗಿಯುತ್ತಲೇ ಅಕ್ಕಪಕ್ಕದವರಿಗೆ ಬೆನ್ನು ನೆಟ್ಟಗೆ ಇಟ್ಟು ಕೂರಲು ಆಜ್ಞೆ ಮಾಡುತ್ತಿದ್ದರು. ಒಂದು ದಿನ ಬಂದೆಯನ್ನು ಕರೆದು, ಅವನ ಮಣಿಕಟ್ಟು ಹಿಡಿದು, ಮಾರುಕಟ್ಟೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವಂತೆ ತಿರುಗಿಸಿ ನೋಡಿದರು.

“ಲಕ್ರಾಸ್ ಆಡ್ತೀಯಾ?”

ಲಕ್ರಾಸ್ ಅಂದರೆ ತಿನ್ನುವುದೋ ಕುಡಿಯುವುದೋ ಅವನಿಗೆ ಗೊತ್ತಿರಲಿಲ್ಲ. ಗಿರಾಕಿ ಕೇಳಿದ್ದಕ್ಕೆ ‘ಇಲ್ಲ’ ಅಂದು ಅಭ್ಯಾಸವೂ ಇರಲಿಲ್ಲ.

“ಆಯ್ತು ಮೇಡಂ, ಎಷ್ಟು ತರಲಿ?”

ಹೀಗೆ ಶುರುವಾಯಿತು. ಜನ ಆಟಕ್ಕೆ ಇಳಿಯುವುದು ಹೆಸರಿಗೆ, ಆರೋಗ್ಯಕ್ಕೆ, ಹುಡುಗಿಯರ ಕಣ್ಣಿಗೆ ಬೀಳುವುದಕ್ಕೆ ಅಂತ ದೊಡ್ಡವರು ಹೇಳುತ್ತಾರೆ. ನಮ್ಮವನು ಇಳಿದದ್ದು ಆರ್ಡರ್ ತೆಗೆದುಕೊಂಡು.

ಮುಚ್ಚಿದ ಶಾಲೆಯ ಉಗ್ರಾಣದಿಂದ ಮೇಡಂ ಒಂದು ಹೊರೆ ಕೋಲು ಹೊರಗೆಳೆಸಿದರು. ಕೋಲಿನ ತುದಿಗೆ ಜಾಳಿಗೆಯ ಸಣ್ಣ ಬುಟ್ಟಿ. ಮುಷ್ಟಿಯೊಳಗೆ ಅಡಗುವಂಥ ಗಟ್ಟಿ ರಬ್ಬರ್ ಚೆಂಡು. ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಜಾಳಿಗೆಯಲ್ಲೇ ಹಿಡಿಯಬೇಕು, ಜಾಳಿಗೆಯಲ್ಲೇ ಹೊತ್ತು ಓಡಬೇಕು, ಜಾಳಿಗೆಯಿಂದಲೇ ಬೀಸಿ ಎದುರಿನವರ ಗೋಲಿಗೆ ಎಸೆಯಬೇಕು. ಓಡುವಾಗ ಚೆಂಡು ಬೀಳದಂತೆ ಮಣಿಕಟ್ಟಿನಲ್ಲಿ ಕೋಲನ್ನು ತೂಗುತ್ತಲೇ ಇರಬೇಕು. ಎದುರಿನವರು ತಮ್ಮ ಕೋಲಿನಿಂದ ನಿಮ್ಮ ಕೋಲಿಗೆ ತಟ್ಟಿ ಚೆಂಡು ಬೀಳಿಸಲು ನೋಡುತ್ತಾರೆ. ಒಂದೊಂದು ಕಡೆಗೆ ಆರು ಜನ ಸಾಕು ಅಂದರು ಮೇಡಂ.

ಆರು ಜನ ಹೋಟೆಲಿನಲ್ಲೇ ಸಿಕ್ಕಿದರು. ಗೋಲು ಕಾಯುವವನು ಓಡಬೇಕಾಗಿಲ್ಲ ಅಂತ ಕೇಳಿ ಅಡುಗೆಯವನು ಬಂದ. ಅವನು ಗೋಲಿನೊಳಗೆ ನಿಂತರೆ ಚೆಂಡಿಗೆ ಉಳಿಯುವ ಜಾಗ ಕಡಿಮೆ. ದಿನಕ್ಕೆ ಸ್ವಲ್ಪ ಹೊತ್ತಾದರೂ ಕೈ ಒಣಗಿರಲಿ ಅಂತ ಪಾತ್ರೆ ತೊಳೆಯುವವನು ಬಂದ. ಅವನು ಬಂದನೆಂದು ಇನ್ನಿಬ್ಬರು ಮಾಣಿಗಳು ಬಂದರು. ಕೆಲಸದವರೆಲ್ಲ ಹೋದಮೇಲೆ ಯಾರ ಮೇಲೆ ಕಣ್ಣಿಡುವುದು ಅಂತ ಹೋಟೆಲಿನ ಸಾಹುಕಾರರೇ ಬಂದರು. ಅವರು ಎದುರಿನವರ ಗೋಲಿನ ಮುಂದೆ ಒಂದು ಜಾಗ ಹಿಡಿದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಗತ್ತಿನಲ್ಲೇ ನಿಂತುಬಿಟ್ಟರು. ಚೆಂಡು ಬೇಕಾದರೆ ತಮ್ಮ ಹತ್ತಿರ ತಾನಾಗಿ ಬರಬೇಕು, ಅದು ಅವರ ಪದ್ಧತಿ.

ಬಂದೆಯ ಕೈಗೆ ಕೋಲು ಬಂದ ಮೊದಲ ವಾರವೇ ಚೆಂಡು ಜಾಳಿಗೆಗೆ ಅಂಟಿಕೊಂಡಿತು. ಮಾಣಿಗಳಿಬ್ಬರೂ ಅಡ್ಡ ಬಂದರೆ ಭುಜ ಓರೆ ಮಾಡಿ ನುಸುಳುತ್ತಿದ್ದ. ಹಿಂದಿನಿಂದ ಕೋಲು ಬೀಸಿದರೆ ಅದು ತಲುಪುವ ಹೊತ್ತಿಗೆ ಇವನು ಅಲ್ಲಿರುತ್ತಿರಲಿಲ್ಲ. ಒಂದು ಸಂಜೆ ಶಾಲೆಯ ಮೈದಾನದ ಆ ತುದಿಯಿಂದ ಈ ತುದಿಯವರೆಗೆ ಓಡಿ ನಿಂತು ತಿರುಗಿ ನೋಡಿದರೆ, ಮೂವರು ಏದುಸಿರು ಬಿಡುತ್ತಾ ತನ್ನ ಹಿಂದೆ ಓಡಿಬರುತ್ತಿದ್ದಾರೆ! ಹುಟ್ಟಿದಾರಭ್ಯ ಅವನು ಜನರ ಕಡೆಗೆ ಓಡಿದ್ದ. ಜನ ಅವನ ಹಿಂದೆ ಓಡಿಬಂದದ್ದು ಅದೇ ಮೊದಲು. ಆ ಸುಖ ಅವನ ನೆತ್ತಿಗೇರಿತು.

“ಏನ್ ರೀ ಇದು, ಒಬ್ರೇ ನಗ್ತಾ ಇದ್ದೀರಿ?” ಎಂದಳು ಹೆಂಡತಿ, ರಾತ್ರಿ ಊಟಕ್ಕೆ ಕೂತಾಗ.

“ನನ್ನ ಹಿಡಿಯೋಕೆ ಆಗ್ಲಿಲ್ಲ ಕಣೇ ಅವರಿಗೆ.”

“ಯಾರಿಗೆ? ಪೊಲೀಸ್ನೋರಿಗಾ?”

ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ, ಮಡಚಿ, ಮತ್ತೆ ಬಿಚ್ಚುವ ಕೆಲಸದವಳು. ಲೋಕದ ಮೇಲೆ ಅವಳಿಗೆ ಅಂಥ ಗೌರವವೇನೂ ಇರಲಿಲ್ಲ. ಆದರೂ ಗಂಡ ನಗುವುದನ್ನು ಕಂಡು ಅವಳಿಗೆ ಒಳಗೊಳಗೇ ಖುಷಿಯಾಯಿತು. ಮಾರನೆಯ ದಿನ ಅವನ ಹಳೆಯ ಚಡ್ಡಿಗೆ ಹೊಸ ಲಾಡಿ ಹಾಕಿಕೊಟ್ಟಳು.

ಮೊದಲ ಪಂದ್ಯ ಬ್ಯಾಂಕಿನವರ ಮೇಲೆ. ಬ್ಯಾಂಕಿನ ಮ್ಯಾನೇಜರಿಗೆ ಡಾಕ್ಟರು ಹೊಟ್ಟೆ ಕರಗಿಸಲು ಹೇಳಿದ್ದರು. ಮ್ಯಾನೇಜರು ಒಬ್ಬರೇ ಕರಗುವುದು ಬೇಡವೆಂದು ಗುಮಾಸ್ತರನ್ನೂ ಎಳೆದುಕೊಂಡು ಬಂದು ಮೇಡಂ ಹತ್ತಿರ ಆಟ ಕಲಿತಿದ್ದರು. ಇವರೆಲ್ಲ ನಮ್ಮ ಹೋಟೆಲಿನ ಖಾಯಂ ಗಿರಾಕಿಗಳು. ಕಿಟಕಿ ಪಕ್ಕದ ದೊಡ್ಡ ಮೇಜು ಅವರದು.

ಬಂದೆಗೆ ಚೆಂಡು ಸಿಕ್ಕಿತು. ಮುಂದೆ ಮೈದಾನ ಖಾಲಿ. ಇನ್ನೇನು ಗೋಲು ಅನ್ನುವಷ್ಟರಲ್ಲಿ ಹಿಂದೆ ಎಲ್ಲೋ ಸುಸ್ತಾಗಿ ನಿಂತಿದ್ದ ಮ್ಯಾನೇಜರು, ಬೇರೇನೂ ತೋಚದೆ, ಕೈ ಮೇಲೆತ್ತಿ ಚಿಟಿಕೆ ಹೊಡೆದು “ಏಯ್, ಇಲ್ಲಿ!” ಎಂದರು.

“ಬಂದೆ ಸಾರ್!”

ಬಂದೆ ಗಿರಕ್ಕನೆ ತಿರುಗಿದ. ಬಂದ ದಾರಿಯಲ್ಲೇ ವಾಪಸು ಓಡಿದ. ಮ್ಯಾನೇಜರ ಮುಂದೆ ನಿಂತು, ಸ್ವಲ್ಪ ಬಗ್ಗಿ, ಅವರ ಜಾಳಿಗೆಯೊಳಗೆ ಚೆಂಡನ್ನು ಮೆಲ್ಲಗೆ ಇಳಿಸಿದ. ಮ್ಯಾನೇಜರೂ ಅಭ್ಯಾಸಬಲದಿಂದ “ಥ್ಯಾಂಕ್ಸಪ್ಪ” ಎಂದರು. ಆಮೇಲೆ ಏನಾಯಿತೆಂದು ಹೊಳೆದು ಓಡಿಹೋಗಿ ಗೋಲು ಹೊಡೆದರು.

ಗುಟ್ಟು ಬಯಲಾದ ಮೇಲೆ ಕೇಳಬೇಕೇ? ಬ್ಯಾಂಕಿನವರು ಓಡುವುದನ್ನೇ ಬಿಟ್ಟರು. ನಿಂತಲ್ಲೇ ಕೈ ಎತ್ತುವುದು, ಕರೆಯುವುದು. ಇವನು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದ, ಆದರೆ ಕಾಲು ಕೇಳುತ್ತಿರಲಿಲ್ಲ. ಕೊನೆಕೊನೆಗೆ ಒಬ್ಬ ಗುಮಾಸ್ತ “ಇತ್ತ ಒಂದು, ಬಿಸಿಯಾಗಿರ್ಲಿ!” ಅಂದ. ಅವನಿಗೂ ಒಂದು ಸಿಕ್ಕಿತು. ನೋಡುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಟೆಲಿನವರ ಮಾನ ಮೂರು ಕಾಸಿಗೆ ಹರಾಜಾಯಿತು.

ಸಾಹುಕಾರರ ಪಿತ್ತ ನೆತ್ತಿಗೇರಿತ್ತು. “ಇವನನ್ನ ತೆಗೆದುಹಾಕಿ ಮೇಡಂ! ಇವನಿಗಿಂತ ಗೂಟ ನೆಟ್ರೆ ವಾಸಿ.”

“ನನ್ನ ತಂಡದಲ್ಲಿ ಯಾರಿರ್ಬೇಕು ಅಂತ ನಾನು ಹೇಳ್ತೀನಿ,” ಎಂದರು ಮೇಡಂ. ಆಮೇಲೆ ಬಂದೆಯ ಕಡೆ ತಿರುಗಿ, “ಕೇಳಿಲ್ಲಿ. ಮುಂದಿನ ಪಂದ್ಯದಲ್ಲಿ ಒಂದೇ ಒಂದು ಸಲ ಅವರು ಕರೆದ್ರು ಅಂತ ಚೆಂಡು ಕೊಟ್ರೆ, ಕೋಲು ಇಟ್ಟು ಮನೆಗೆ ಹೋಗು. ಮತ್ತೆ ಈ ಕಡೆ ತಲೆ ಹಾಕ್ಬೇಡ.”

ಅವನು ಹೋಟೆಲಿನಲ್ಲಿ ಎಷ್ಟು ಬೈಗುಳ ತಿಂದಿದ್ದನೋ ಲೆಕ್ಕವಿಲ್ಲ, ಒಂದೂ ಮೈಗೆ ತಾಗಿರಲಿಲ್ಲ. ಇದು ತಾಗಿತು. ಮೈದಾನ ಹೋದರೆ ತನಗೆ ಉಳಿಯುವುದೇನು ಎಂದು ಯೋಚಿಸುತ್ತಾ ಮನೆಯ ಮೆಟ್ಟಿಲ ಮೇಲೆ ಮಂಕು ಹಿಡಿದವನಂತೆ ಕೂತ. ಹೆಂಡತಿ ಎಲ್ಲ ಕೇಳಿಸಿಕೊಂಡು, ಮೊದಲು ಮನಸಾರೆ ನಕ್ಕು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಬನ್ನಿ ಒಳಗೆ, ಇವತ್ತಿಂದ ಪಾಠ. ನಾನು ಕರೀತೀನಿ, ನೀವು ಏಳಬಾರದು.”

ಅವಳು ಕೋಣೆಯಿಂದ “ರೀ, ನೀರು!” ಅಂದಳು. ಅವನು ಎದ್ದು ನೀರು ತಂದ. “ರೀ, ಕಿಟಕಿ ಹಾಕಿ!” ಕಿಟಕಿ ಹಾಕಿದ. ಅವಳು ಅವನನ್ನು ಕುರ್ಚಿಗೆ ತಳ್ಳಿ ಕೂರಿಸಿದಳು. ಅವನು ಕುರ್ಚಿಯ ಕೈ ಬಿಗಿಹಿಡಿದು ಬೆವತ. ಕರೆದರೂ ಕೂತಿರುವುದು ಅಂದರೆ ಅವನಿಗೆ ತುಂಬಿದ ಬಸ್ಸನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಷ್ಟು ಕಷ್ಟ. ಆದರೂ ದಿನ ಹೋದಂತೆ ಸೊಂಟ ಕುರ್ಚಿಗೆ ಒಗ್ಗಿತು. ಮೊದಮೊದಲು ಅರ್ಧ ಎದ್ದು ಕೂರುತ್ತಿದ್ದ. ಆಮೇಲೆ ಬರೀ ಮೊಣಕಾಲು ನಡುಗುತ್ತಿತ್ತು. ಕೊನೆಗೆ ಒಂದು ದಿನ ಅವಳು ನಿಜವಾಗಿಯೇ ಸಿಲಿಂಡರ್ ಎತ್ತಿಕೊಡಲು ಕರೆದರೆ, ಕೈ ಕಟ್ಟಿ ಕೂತು ಹಲ್ಲು ಕಿರಿದ.

“ಇದು ಪಾಠ ಅಲ್ಲ ರೀ! ಬನ್ನಿ!”

“ನೀನು ಹಾಗೇ ಹೇಳ್ತೀಯ.”

ಸಿಲಿಂಡರನ್ನು ಅವಳೇ ಉರುಳಿಸಿಕೊಂಡು ಹೋದಳು. ಗಂಡನನ್ನು ಕೆಡಿಸಿದ್ದು ತಾನೇ ಎಂಬುದು ಗೊತ್ತಿದ್ದರಿಂದ ಯಾರಿಗೂ ದೂರು ಹೇಳುವಂತಿರಲಿಲ್ಲ.

ಎರಡನೆಯ ಪಂದ್ಯಕ್ಕೆ ಅವಳೂ ಬಂದು ಗೆರೆಯ ಪಕ್ಕ ನಿಂತಳು. ಬಂದೆಗೆ ಚೆಂಡು ಸಿಕ್ಕಿದ್ದೇ ತಡ, ಮ್ಯಾನೇಜರು ಚಿಟಿಕೆ ಹೊಡೆದರು. ಅವನ ಬಾಯಿಂದ ‘ಬಂ’ ಎಂದು ಹೊರಟೇಬಿಟ್ಟಿತು. ಮೇಡಂ ಕಣ್ಣು ಅವನ ಮೇಲೆಯೇ ಇತ್ತು. ಅವನು ಬಾಯಿ ಮುಚ್ಚಿ ಮುಂದಕ್ಕೇ ಓಡಿದ. ಎಲ್ಲ ಗುಮಾಸ್ತರೂ ಕರೆದರು. ಒಬ್ಬ ‘ಬಿಲ್’ ಅಂತ ಕೂಡ ಕೂಗಿದ. ಇವನು ಯಾರಿಗೂ ಕೊಡಲಿಲ್ಲ. ಬ್ಯಾಂಕಿನವರಿಗೆ ಕೊನೆಗೂ ಓಡಬೇಕಾಗಿ ಬಂತು. ಡಾಕ್ಟರು ಬಯಸಿದಂತೆ ಮ್ಯಾನೇಜರ ಹೊಟ್ಟೆ ಅಂದೇ ಕರಗಲು ಶುರುವಾಗಿರಬೇಕು.

ಹೀಗೆ ಆಟ ಬಿಗಿಯಾಗಿ ಸಾಗಿ, ಮುಗಿಯುವ ಹೊತ್ತಿಗೆ ಬ್ಯಾಂಕಿನವರು ಒಂದು ಗೋಲು ಮುಂದಿದ್ದರು. ಕಡೆಯ ಗಳಿಗೆಯಲ್ಲಿ ಬಂದೆ ಇಬ್ಬರನ್ನು ತಪ್ಪಿಸಿ, ಮೂರನೆಯವನ ಕೋಲಿನ ಕೆಳಗೆ ನುಸುಳಿ, ಗೋಲಿನ ಓರೆಗೆ ಬಂದ. ಅಲ್ಲಿಂದ ಗೋಲು ಸರಿಯಾಗಿ ಕಾಣುತ್ತಿರಲಿಲ್ಲ. ನೇರ ಮುಂದೆ, ತಮ್ಮ ಖಾಯಂ ಜಾಗದಲ್ಲಿ, ಸಾಹುಕಾರರು ಒಬ್ಬರೇ ನಿಂತಿದ್ದರು. ಅವರ ಹತ್ತಿರ ಯಾರೂ ಇರಲಿಲ್ಲ.

“ಇಲ್ಲಿ ತಾರೋ!” ಎಂದರು ಸಾಹುಕಾರರು.

ಆ ದನಿಗೆ ಅವನು ಮೀಸೆ ಬರುವ ಮುಂಚಿನಿಂದ ಓಡಿದ್ದ. ಈಗಲೂ ಕೋಲು ಅರ್ಧ ಅತ್ತ ತಿರುಗಿತು. ಚೆಂಡು ಜಾಳಿಗೆಯಲ್ಲಿ ತೂಗುತ್ತಿತ್ತು. ಆ ಭಾರ ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅವನು ಕೋಲನ್ನು ವಾಪಸು ತಿರುಗಿಸಿ, ಕಣ್ಣು ಮುಚ್ಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಾನೇ ಬೀಸಿದ.

ಚೆಂಡು ಗೋಲಿನ ಮೇಲೆ ಹಾರಿ, ಶಾಲೆಯ ಕಾಂಪೌಂಡು ದಾಟಿ, ಆಚೆ ಬೀದಿಯಲ್ಲಿ ಯಾರದೋ ತಗಡಿನ ಸೂರಿನ ಮೇಲೆ ಢಣ್ ಎಂದು ಬಿತ್ತು. ಮೇಡಂ ಸೀಟಿ ಊದಿದರು. ಹೋಟೆಲಿನವರು ಸೋತರು.

ಸಾಹುಕಾರರು ಕೆಂಡ ಕಾರುತ್ತಾ ಬಂದರು. ಅವರು ತಮ್ಮ ಜಾಗ ಬಿಟ್ಟು ಕದಲಿದ್ದನ್ನು ಎಲ್ಲರೂ ನೋಡಿದ್ದು ಅದೇ ಮೊದಲು.

“ನಾನು ಖಾಲಿ ನಿಂತಿದ್ದೆ, ಕಾಣ್ಲಿಲ್ವೇನಯ್ಯಾ?”

“ಕಾಣ್ತು ಸಾಹುಕಾರ್ರೆ.”

“ಕರೆದಿದ್ದು ಕೇಳ್ಲಿಲ್ವಾ?”

“ಕೇಳ್ತು.”

“ಮತ್ತೆ ಯಾಕೆ ಕೊಡ್ಲಿಲ್ಲ?”

ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಹೋಟೆಲಿನವರಿಗೆ ನೂರು ದಾರಿ ಗೊತ್ತು. ಹಾಲು ಒಡೆಯಿತು, ಒಲೆ ಆರಿತು, ಈಗ ತಾನೇ ಮುಗಿಯಿತು. ಒಂದೂ ಅವನ ಬಾಯಿಗೆ ಬರಲಿಲ್ಲ.

“ನನಗೇ ಬೇಕಾಗಿತ್ತು,” ಎಂದ.

ಅಡುಗೆಯವನು ಗೋಲು ಕಾಯಲು ಹಾಕಿಕೊಂಡಿದ್ದ ಮುಖಗವಸು ತೆಗೆದು ನೋಡಿದ. ಇಷ್ಟು ವರ್ಷ ಅವನು ಹೊತ್ತು ತಂದದ್ದೆಲ್ಲ ಬೇರೆಯವರು ಬೇಕೆಂದದ್ದು. ತನಗೆ ಇಂಥದ್ದು ಬೇಕು ಎಂದು ಅವನು ಹೇಳಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ, ಗೆರೆಯ ಪಕ್ಕ ನಿಂತಿದ್ದ ಹೆಂಡತಿಯೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಬಂದೆ ಮಾತ್ರ ತನ್ನ ಕಥೆ ಮುಗಿಯಿತೆಂದು ಕೋಲನ್ನು ಮೇಡಂ ಕಡೆ ಚಾಚಿದ.

ಮೇಡಂ ಕೋಲು ತೆಗೆದುಕೊಳ್ಳಲಿಲ್ಲ. “ಖಾಲಿ ಇದ್ದೋರಿಗೆ ಕೊಡ್ಬೇಕಿತ್ತು. ಸೋತಿದ್ದು ನಿನ್ನಿಂದಲೇ, ತಿಳ್ಕೊ,” ಎಂದರು. ಮತ್ತೆ ಸೀಟಿಯನ್ನು ಬಾಯಿಗಿಟ್ಟುಕೊಂಡವರು ಊದದೆ ಹಾಗೇ ಕೆಳಗಿಳಿಸಿದರು. “ಕಣ್ಣು ಮುಚ್ಚಿ ಹೊಡೀತಾರೇನಯ್ಯಾ ಯಾರಾದ್ರೂ? ನಾಳೆ ಬೇಗ ಬಾ. ಬೇಕಾದ್ದನ್ನ ಹೇಗೆ ಹೊಡೆಯೋದು ಅಂತ ಹೇಳಿಕೊಡ್ತೀನಿ.”